ಸರ್ವರಕ್ಕನ ತಮ್ಮ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿ ಹಿಡಿದು ಕಳಿಸುವ ಒಂದು ಸಂಸ್ಥೆಯಲ್ಲಿ ಅವಳು ಕೆಲಸಕ್ಕಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಸರ್ವರಕ್ಕ ಎಂದು ಕರೆಯುತ್ತಿದ್ದರು. ಹೋಟೆಲಿನಲ್ಲಿ ತಟ್ಟೆ ತಂದಿಡುವ ಸರ್ವರ್ ಅಲ್ಲ, ಕಂಪ್ಯೂಟರಿನ ಸರ್ವರ್ ಎಂದು ಹೊಸಬರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಒಮ್ಮೆ ಹೊಸದಾಗಿ ಓದಲು ಬಂದ ನಿವೃತ್ತ ಅಧಿಕಾರಿಯೊಬ್ಬರು, "ಸರ್ವರಕ್ಕಾ, ಒಂದು ಕಾಫಿ ಸಿಗುತ್ತಾ?" ಎಂದು ಕೇಳಿಯೇಬಿಟ್ಟಿದ್ದರು. ಅವಳು ನಕ್ಕು ಕಾಫಿ ಮಾಡಿ ಕೊಟ್ಟಿದ್ದಳು. ಆಮೇಲೆ ಅವರನ್ನು ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದು, "ನಾನು ನೋಡ್ಕೊಳ್ಳೋ ಸರ್ವರ್ ಇದು ಸರ್. ನೀವು ಓದಿದ್ದೆಲ್ಲ ಇದರ ಹೊಟ್ಟೆ ಸೇರುತ್ತೆ" ಎಂದು ಯಂತ್ರ ತೋರಿಸಿದ್ದಳು.

ಆ ಕೋಣೆ ಹಿಂದೆ ಪೊರಕೆ, ಬಕೆಟ್ಟು ಇಡುವ ಜಾಗವಾಗಿತ್ತು. ಅದನ್ನು ತೊಳೆಸಿ, ಸುಣ್ಣ ಬಳಿಸಿ, ಗಾಳಿಗೊಂದು ಫ್ಯಾನ್ ಹಾಕಿಸಿದವಳು ಅವಳೇ. ಯಂತ್ರವನ್ನು ಜೋಡಿಸಿದ್ದೂ ಅವಳೇ. ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಒಂದು ಪುಟ್ಟ ಡಿಸ್ಕಿನಲ್ಲಿತ್ತು. ಓದುಗರ ಧ್ವನಿಯೆಲ್ಲ ಇನ್ನೆರಡು ದೊಡ್ಡ ಡಿಸ್ಕುಗಳಲ್ಲಿ. ಆ ಎರಡನ್ನು ಅವಳು ರೇಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಿಯಂತೆ ಕಟ್ಟಿದ್ದಳು. ಒಂದರಲ್ಲಿ ಏನು ಬರೆದರೂ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಬರೆಯಲಾಗುತ್ತಿತ್ತು. ಒಂದು ಕೆಟ್ಟು ಕೂತರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಇದಕ್ಕೆ ಬೇರೆ ಉಪಕರಣವೇನೂ ಬೇಡ, ಲಿನಕ್ಸ್ ತಾನೇ ಮಾಡಿಕೊಳ್ಳುತ್ತದೆ. ಆ ಜೋಡಿಯ ಜಾಗವನ್ನು ಮತ್ತೆ ಲಾಜಿಕಲ್ ವಾಲ್ಯೂಮ್‌ಗಳಾಗಿ ಪಾಲು ಮಾಡಿದ್ದಳು. ಈಗಷ್ಟೇ ಓದಿದ್ದಕ್ಕೆ ಒಂದು, ತಿದ್ದಿ ಮುಗಿಸಿದ ಪುಸ್ತಕಗಳಿಗೆ ಒಂದು, ಕೇಳುಗರಿಗೆ ಕಳಿಸುವುದಕ್ಕೆ ಮತ್ತೊಂದು. ಯಾವುದಕ್ಕೆ ಜಾಗ ಸಾಲದೋ ಅದನ್ನು ಯಂತ್ರ ನಿಲ್ಲಿಸದೆಯೇ ಹಿಗ್ಗಿಸಬಹುದಿತ್ತು.

ಇದನ್ನೆಲ್ಲ ಅವಳು ತಮ್ಮನಿಗೆ ಮನೆಯ ಊಟದ ಮೇಜಿನ ಮೇಲೆ ಕಲಿಸಿದ್ದಳು.

"ಗೋಡೆ ಸರಿಸಬಹುದಾದ ಮನೆ ಅಂದ್ಕೊ. ಹಾಲ್ ಸಾಲ್ಲಿಲ್ಲ ಅಂದ್ರೆ ಖಾಲಿ ಬಿದ್ದಿರೋ ಜಾಗದಿಂದ ಒಂದಷ್ಟು ತಗೊಂಡು ಹಾಲ್ ದೊಡ್ಡದು ಮಾಡೋದು. ಒಳಗಿರೋರು ಎದ್ದು ಹೋಗೋದೂ ಬೇಡ."

"ಮತ್ತೆ ಈ ಕನ್ನಡಿ?"

"ಅದು ಮನೆ ಕೆಳಗಿನ ನೆಲ. ಎರಡು ಡಿಸ್ಕಲ್ಲೂ ಪೂರ್ತಿ ಮನೆ ಇರುತ್ತೆ. ಒಂದನ್ನ ಕಿತ್ತು ಬೇರೆ ಮೆಷಿನ್ನಿಗೆ ಹಾಕಿದ್ರೂ ಎಲ್ಲಾ ಸಿಗುತ್ತೆ, ಒಂದು ಅಕ್ಷರ ಬಿಡದ ಹಾಗೆ."

ತಮ್ಮ ಚುರುಕು. ಹೇಳಿದ್ದು ಒಂದೇ ಸಲಕ್ಕೆ ತಲೆಗೆ ಹತ್ತುತ್ತಿತ್ತು. ಅಪ್ಪ ತೀರಿಕೊಂಡಾಗ ಅವನಿನ್ನೂ ಶಾಲೆಯಲ್ಲಿದ್ದ. ಅಂದಿನಿಂದ ಅವನ ಓದು, ಬಟ್ಟೆ, ಜ್ವರ, ಜಗಳ ಎಲ್ಲ ಅಕ್ಕನ ಪಾಲಿಗೇ ಬಂದಿತ್ತು. ಅವನ ಓದು ಮುಗಿದಾಗ ಅಕ್ಕ ತಾನೇ ಸಂಸ್ಥೆಯ ಮುಖ್ಯಸ್ಥೆಯ ಮುಂದೆ ನಿಂತು, "ಮೇಡಂ, ಇವನು ನನ್ನ ತಮ್ಮ ಅಂತ ಕೇಳ್ತಿಲ್ಲ. ಕೆಲಸ ನೋಡಿ, ಹಿಡಿಸಿದ್ರೆ ಇಟ್ಕೊಳ್ಳಿ" ಎಂದಿದ್ದಳು. ಕೆಲಸ ಎಲ್ಲರಿಗೂ ಹಿಡಿಸಿತು. ಆದರೆ ಅವನಿಗೆ ಸಿಕ್ಕ ಹೆಸರು ಮಾತ್ರ 'ಸರ್ವರಕ್ಕನ ತಮ್ಮ'. ಅದು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ ಎಂಬುದು ಅವಳಿಗೆ ಗೊತ್ತಾಗಲೇ ಇಲ್ಲ. ಅವಳಿಗೆ ಅದು ಮುದ್ದಿನ ಹೆಸರಿನಂತೆ ಕೇಳಿಸುತ್ತಿತ್ತು.

ಒಂದು ಬೆಳಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮೇಲೆದ್ದು ನಡೆಯುವ ತನಕ ಯಾರಾದರೂ ಪಕ್ಕದಲ್ಲಿರಲೇಬೇಕಿತ್ತು. ಸರ್ವರಕ್ಕ ದೀರ್ಘ ರಜೆ ಹಾಕಿದಳು. ಯಂತ್ರದ ಪಾಸ್‌ವರ್ಡನ್ನು, ಅಲ್ಲಿಯವರೆಗೆ ಇನ್ನೊಬ್ಬರ ಕೈಗೆ ಕೊಡದಿದ್ದ ಆ ಕೋಣೆಯ ಬೀಗದ ಕೈಯನ್ನು ತಮ್ಮನಿಗೆ ಒಪ್ಪಿಸಿದಳು.

"ನೀನು ಅಮ್ಮನ್ನ ನೋಡ್ಕೊ ಅಕ್ಕ. ಮೆಷಿನ್ ಚಿಂತೆ ಬಿಡು" ಎಂದ ತಮ್ಮ.

ಅವಳು ಅಮ್ಮನ ಮೈ ಒರೆಸಿದಳು, ತಲೆ ಬಾಚಿದಳು, ಗೋಡೆ ಹಿಡಿದು ಹೆಜ್ಜೆ ಹಾಕಿಸಿದಳು. ತಮ್ಮ ಸಂಜೆ ಬಂದು, "ಎಲ್ಲಾ ಸರಿಯಾಗಿದೆ" ಎಂದು ವರದಿ ಒಪ್ಪಿಸುತ್ತಿದ್ದ.

ರಜೆ ಮುಗಿಸಿ ಮರಳಿದಾಗ ಮೇಡಂ ಅವಳಿಗೆ ಕೇಳುಗರ ವಿಭಾಗದ ಪೂರ್ತಿ ಹೊಣೆ ಕೊಟ್ಟರು. ಯಾರಿಗೆ ಯಾವ ಪುಸ್ತಕ ಬೇಕು, ಯಾರ ಫೋನಿಗೆ ಯಾವುದು ತಲುಪಿಲ್ಲ, ಯಾರಿಗೆ ಕಥೆಯ ಕೊನೆ ಹಿಡಿಸದೆ ಸಿಟ್ಟು ಬಂದಿದೆ, ಎಲ್ಲಕ್ಕೂ ಅವಳೇ ಉತ್ತರ ಹೇಳಬೇಕಿತ್ತು. ಸರ್ವರನ್ನು ಮತ್ತೆ ಕೈಗೆ ತೆಗೆದುಕೊಳ್ಳುವ ಮಾತು ಬಂದಾಗ ತಮ್ಮ, "ಅದು ನನಗಿರಲಿ ಅಕ್ಕ. ನಿನಗೆ ಈಗಾಗಲೇ ಉಸಿರಾಡೋಕೆ ಪುರುಸೊತ್ತಿಲ್ಲ" ಎಂದ. ಅವಳಿಗೆ ಹೆಮ್ಮೆಯೆನಿಸಿತು.

ಆ ಸಂಸ್ಥೆಗೆ ಓದಲು ಬರುತ್ತಿದ್ದವರಲ್ಲಿ ಎಲ್ಲರಿಗೂ ಅಚ್ಚುಮೆಚ್ಚಾಗಿದ್ದವರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕಂಬಳಿ ಹೊದಿಸಿದ ಗೋಡೆಗಳ ಓದುಕೋಣೆಯಲ್ಲಿ ಚಪ್ಪಲಿ ಕಳಚಿಟ್ಟು ಕೂತು ಅವರು ಓದಲು ಶುರು ಮಾಡಿದರೆ ಮುದುಕಿಯೂ ಅವರೇ, ಮಗುವೂ ಅವರೇ, ಬಾಗಿಲ ಕಿರುಗುಟ್ಟುವಿಕೆಯೂ ಅವರೇ. ಮೇಷ್ಟ್ರು ಓದಿದ್ದು ಇನ್ನೇನಾದರೂ ಬಂತಾ ಎಂದು ಕೇಳುಗರು ಫೋನ್ ಮಾಡುತ್ತಲೇ ಇರುತ್ತಿದ್ದರು. ಅಂಥವರ ಗಂಟಲಿಗೇ ರೋಗ ಹತ್ತಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಮೇಷ್ಟ್ರು ಸ್ವಲ್ಪ ಸಮಯ ಕೇಳಿಕೊಂಡು, ದಿನವೂ ಬಂದು, ಒಂದು ದಪ್ಪ ಕಾದಂಬರಿಯನ್ನು ಓದಿ ಮುಗಿಸಿದರು. ಕೊನೆಕೊನೆಗೆ ಎರಡು ಪುಟಕ್ಕೊಮ್ಮೆ ಬಿಸಿನೀರು ಕುಡಿಯಬೇಕಾಗುತ್ತಿತ್ತು. ಧ್ವನಿ ಒರಟಾಗಿತ್ತು, ಆದರೆ ಅದರಲ್ಲಿ ಹಿಂದೆಂದೂ ಇಲ್ಲದ ಏನೋ ಇತ್ತು. ಗಾಜಿನಾಚೆ ಕೂತು ಧ್ವನಿ ಹಿಡಿಯುತ್ತಿದ್ದ ಹೆಂಗಸು ಅಳುತ್ತ ಗುಂಡಿ ಒತ್ತುತ್ತಿದ್ದಳಂತೆ. ಆಪರೇಷನ್ ಆದ ಮೇಲೆ ಮೇಷ್ಟ್ರು ಕುತ್ತಿಗೆಗೊಂದು ಮಫ್ಲರ್ ಸುತ್ತಿಕೊಂಡು, ಕೈಯಲ್ಲೊಂದು ಸಣ್ಣ ಬಿಳಿ ಬೋರ್ಡ್ ಹಿಡಿದು ಓಡಾಡತೊಡಗಿದರು. ಹೇಳಬೇಕಾದ್ದನ್ನು ಬರೆದು ತೋರಿಸಿ ಒರೆಸುತ್ತಿದ್ದರು.

ಈ ನಡುವೆ ತಮ್ಮನಿಗೆ ಬೇರೆ ಕೆಲಸ ಸಿಕ್ಕಿತು. ಯಂತ್ರಗಳಿಗೆ ಮನುಷ್ಯರಂತೆ ಮಾತಾಡಲು ಕಲಿಸುವ ಒಂದು ಹೊಸ ಕಂಪನಿ. ಅಲ್ಲಿ ಅವನು ಒಂದು ವಿಭಾಗಕ್ಕೇ ಮುಖ್ಯಸ್ಥ. ಸಂಸ್ಥೆಯಲ್ಲಿ ಹೂಗುಚ್ಛ ಕೊಟ್ಟು ಬೀಳ್ಕೊಟ್ಟರು. ಅವನು ಎದ್ದು ನಿಂತು, "ಹೋದ್ರೂ ಪೂರ್ತಿ ಹೋಗಲ್ಲ. ವಾರಕ್ಕೊಮ್ಮೆ ಬಂದು ಸರ್ವರ್ ನೋಡ್ಕೊಂಡು ಹೋಗ್ತೀನಿ, ಅದು ನಮ್ಮಕ್ಕನ ಕೂಸು" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಳಿದಂತೆ ಬರುತ್ತಲೂ ಇದ್ದ. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಕೈ ಒರೆಸಿಕೊಳ್ಳುತ್ತ ಹೊರಬಂದು, "ಗುಂಡುಕಲ್ಲಿನ ಹಾಗಿದೆ ಅಕ್ಕ" ಎನ್ನುತ್ತಿದ್ದ.

ಸರ್ವರಕ್ಕ ಯಾಕೆ ಒಮ್ಮೆಯೂ ತಾನೇ ಇಣುಕಿ ನೋಡಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ಯಂತ್ರವನ್ನು ಕಟ್ಟುವಾಗಲೇ ಅವಳು ಒಂದು ಏರ್ಪಾಡು ಮಾಡಿದ್ದಳು. ಡಿಸ್ಕಿಗೆ ಏನಾದರೂ ಆದರೆ, ಅಥವಾ ಹೊರಗಿನ ಬೇರೊಂದು ಡಿಸ್ಕಿಗೆ ಪ್ರತಿ ತೆಗೆಯುವ ಕೆಲಸ ತಪ್ಪಿದರೆ, ಯಂತ್ರ ಅವಳಿಗೆ ಮೇಲ್ ಕಳಿಸುತ್ತಿತ್ತು. ತೊಂದರೆ ಇಲ್ಲದಿದ್ದರೆ ಮೇಲ್ ಇಲ್ಲ. ಮೇಲ್ ಬರದಿದ್ದುದರಿಂದ ಎಲ್ಲ ಕ್ಷೇಮವೆಂದು ಅವಳು ತಿಳಿದಿದ್ದಳು. ಅದರ ಮೇಲೆ ತಮ್ಮನ ಮಾತೂ ಇತ್ತು.

ಒಂದು ದಿನ ಬೆಳಗ್ಗೆ ಕೇಳುಗರ ಫೋನ್ ಬರಲು ಶುರುವಾಯಿತು. ಯಾವ ಪುಸ್ತಕವೂ ತೆರೆಯುತ್ತಿಲ್ಲ. ಸರ್ವರಕ್ಕ ತನ್ನ ಮೇಜಿನಿಂದಲೇ ಯಂತ್ರವನ್ನು ವಿಚಾರಿಸಿದಳು. ಲಿನಕ್ಸ್ ಎದ್ದಿತ್ತು. ಆದರೆ ವಾಲ್ಯೂಮ್‌ಗಳನ್ನು ಓದಲಾಗುತ್ತಿಲ್ಲ ಎಂದು ಒಂದೇ ಸಮನೆ ದೂರುತ್ತಿತ್ತು. ಒಂದು ಡಿಸ್ಕ್ ಹೋಗಿರಬೇಕು, ಇನ್ನೊಂದರ ಮೇಲೆ ನಡೆಯಬೇಕಿತ್ತಲ್ಲ ಎಂದುಕೊಂಡು ಕನ್ನಡಿಯ ಸ್ಥಿತಿ ಕೇಳಿದಳು. ಎರಡು ಡಿಸ್ಕೂ ಇದ್ದಾಗ ಆ ಸಾಲಿನಲ್ಲಿ ಎರಡರ ಹೆಸರೂ ಕಾಣಬೇಕು. ಕೆಟ್ಟದ್ದೆಂದು ಗುರುತಾದ ಒಂದೇ ಡಿಸ್ಕಿನ ಹೆಸರಿತ್ತು. ಇನ್ನೊಂದರ ಹೆಸರೇ ಇರಲಿಲ್ಲ.

ಅವಳು ಕೋಣೆಗೆ ಓಡಿದಳು. ಒಂದು ಡಿಸ್ಕ್ ಒಳಗಿನಿಂದ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಎರಡನೆಯ ಖಾನೆಯ ಮುಚ್ಚಳ ನೀಟಾಗಿ ಮುಚ್ಚಿತ್ತು. ಕೊಕ್ಕೆ ಒತ್ತಿ ಎಳೆದಳು. ಚೌಕಟ್ಟು ಹಗುರವಾಗಿ ಕೈಗೆ ಬಂತು. ಒಳಗೆ ಡಿಸ್ಕೇ ಇರಲಿಲ್ಲ.

ಕಳ್ಳತನವಾಗಿದೆ ಎಂದೇ ಅವಳಿಗೆ ಮೊದಲು ಅನ್ನಿಸಿದ್ದು. ತಮ್ಮನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಇಷ್ಟೆಲ್ಲ ಆದರೂ ತನಗೊಂದು ಮೇಲ್ ಯಾಕೆ ಬರಲಿಲ್ಲ ಎಂದು ಆ ಏರ್ಪಾಡನ್ನು ತೆರೆದು ನೋಡಿದಳು. ತನ್ನ ವಿಳಾಸವಿರಬೇಕಾದ ಕಡೆ ತಮ್ಮನ ವಿಳಾಸವಿತ್ತು. ಯಂತ್ರ ಕಳಿಸಿದ್ದ ಎಚ್ಚರಿಕೆಗಳೆಲ್ಲ ಅವನಿಗೇ ಹೋಗಿದ್ದವು. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತವಳು ಏಳಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಅವಳು ಮನೆಗೆ ಬಂದಳು. ಅಮ್ಮ ಕುರ್ಚಿಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮೇಲಿನ ಕೋಣೆ ತಮ್ಮನದು. ಆ ದಿನ ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ.

"ಎರಡನೇ ಡಿಸ್ಕ್ ಎಲ್ಲಿ?" ಎಂದಳು ಮೆಟ್ಟಿಲ ಬುಡದಲ್ಲೇ ನಿಂತು.

ಮೇಲೆ ಕುರ್ಚಿ ಸರಿದ ಸದ್ದು. ಬೀರು ತೆರೆದ ಸದ್ದು. ತಮ್ಮ ಇಳಿದು ಬಂದ. ಹಳೆಯ ಸ್ವೆಟರಿನಲ್ಲಿ ಸುತ್ತಿದ್ದ ಡಿಸ್ಕನ್ನು ಅವಳ ಕೈಗಿಟ್ಟ.

"ತಗೊ. ಏನೂ ಹಾಳಾಗಿಲ್ಲ. ಒಂದು ಫೈಲೂ ಮುಟ್ಟಿಲ್ಲ, ಬರೀ ನಕಲು ಮಾಡ್ಕೊಂಡೆ."

"ಯಾವಾಗ ತೆಗೆದೆ?"

ಅವನು ನೆಲ ನೋಡಿದ. "ಅಮ್ಮನಿಗೆ ಆಪರೇಷನ್ ಆಯ್ತಲ್ಲ, ಆವಾಗ. ಕಂಪನಿಯವರು ಧ್ವನಿ ಬೇಕು ಅಂದ್ರು. ಒಳ್ಳೆ ಓದು, ಗಂಟೆಗಟ್ಟಲೆ. ತಂದ್ರೆ ಆ ವಿಭಾಗ ನನಗೇ ಅಂದ್ರು. ನೆಟ್‌ವರ್ಕ್ ಮೇಲೆ ಕಳಿಸಿದ್ರೆ ಎಲ್ಲರ ಕಣ್ಣಿಗೂ ಬೀಳ್ತಿತ್ತು. ಕನ್ನಡಿಯ ಒಂದು ಡಿಸ್ಕ್ ಕಿತ್ರೆ ಪೂರ್ತಿ ಪ್ರತಿ ಅಂತ ನೀನೇ ಅಲ್ವಾ ಹೇಳಿಕೊಟ್ಟಿದ್ದು?"

ಅವಳು ಸ್ವೆಟರ್ ಬಿಚ್ಚಿ ಡಿಸ್ಕನ್ನು ಊಟದ ಮೇಜಿನ ಮೇಲಿಟ್ಟಳು.

"ವಾಪಸ್ ಹಾಕೋಣ ಅಂತಲೇ ಇದ್ದೆ ಅಕ್ಕ. ಹಾಕಿದ್ರೆ ಎರಡೂ ಮತ್ತೆ ಸಮ ಆಗೋಕೆ ಶುರುವಾಗಿ, ಮೆಷಿನ್ ಎಲ್ಲಾ ನಿಧಾನ ಆಗುತ್ತೆ. ನೀನು ಯಾಕೆ ಅಂತ ಕೇಳ್ತಿದ್ದೆ. ಇವತ್ತು ನಾಳೆ ಅಂತ ಹಾಗೇ ಉಳಿದುಹೋಯ್ತು."

"ಆ ಮೇಲ್‌ಗಳು?"

"ಯಾವ ಮೇಲ್?"

"ನನಗೆ ಬರಬೇಕಾಗಿದ್ದು. ಒಂದೇ ಡಿಸ್ಕ್ ಮೇಲೆ ನಡೀತಿದೆ ಅಂತ. ಆ ಡಿಸ್ಕೂ ಕೆಡ್ತಾ ಇದೆ ಅಂತ. ಹೊರಗಿನ ಪ್ರತಿ ನಿಂತಿದೆ ಅಂತ. ಎಲ್ಲಾ ನಿನಗೆ ಬಂದಿವೆ. ಓದಿದ್ಯಾ?"

ಅವನು ಮೆಟ್ಟಿಲ ಕಡೆ ತಿರುಗಿದ.

"ಓದಿದ್ಯಾ ಅಂತ ಕೇಳ್ದೆ."

"ಓದ್ದೆ."

"ಅದು ಸಾಯ್ತಾ ಇದ್ದಿದ್ದು ನೋಡ್ಕೊಂಡು ಗುಂಡುಕಲ್ಲಿನ ಹಾಗಿದೆ ಅಂತ ಹೇಳ್ದೆ."

"ಹೇಳಿದ್ರೆ ಎಲ್ಲಾ ಹೊರಗೆ ಬರ್ತಿತ್ತು! ನಿನಗೇನು ಗೊತ್ತು? ಅಲ್ಲಿ ಇದ್ದಷ್ಟು ದಿನ ನನಗೊಂದು ಹೆಸರೇ ಇರಲಿಲ್ಲ. ಸರ್ವರಕ್ಕನ ತಮ್ಮ, ಸರ್ವರಕ್ಕನ ತಮ್ಮ! ನಾಯಿಮರಿ ಕರೆದ ಹಾಗೆ."

ಅಮ್ಮ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಸರ್ವರಕ್ಕ ಅವಳತ್ತ ತಿರುಗಿದಳು. ಹೇಳಿಕೊಳ್ಳಲು ಉಳಿದಿದ್ದವಳು ಅಮ್ಮ ಒಬ್ಬಳೇ.

"ಕೇಳಿದ್ಯಾ ಅಮ್ಮಾ, ಇವನು ಮಾಡಿರೋದು?"

"ಬಿಡೇ, ಕೊಟ್ಟನಲ್ಲ ಈಗ. ನಾನು ಅವತ್ತೇ ಹೇಳ್ದೆ, ಅಕ್ಕನಿಗೆ ಹೇಳ್ಬಿಡೋ ಅಂತ. ಕೇಳ್ಲಿಲ್ಲ."

ಸರ್ವರಕ್ಕನಿಗೆ ಮೊದಲು ಅರ್ಥವಾಗಲಿಲ್ಲ. "ಅವತ್ತೇ ಅಂದ್ರೆ?"

"ನಾನು ಮಲಗಿದ್ದಾಗ. ನೀನು ಔಷಧಿ ತರೋಕೆ ಹೋಗಿದ್ದೆ. ಇವನು ಇದೇ ಮೇಜಿನ ಮೇಲೆ ಆ ಪೆಟ್ಟಿಗೆ ಇಟ್ಕೊಂಡು ಏನೋ ಮಾಡ್ತಿದ್ದ. ಯಾರಿಗೂ ಹೇಳ್ಬೇಡ ಅಮ್ಮ, ನನ್ನ ಭವಿಷ್ಯ ಇದರಲ್ಲಿದೆ ಅಂದ. ಚಿಕ್ಕವನು, ಆಸೆಪಟ್ಟ. ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬೆಂಕಿ ಹಾಕ್ಲಿ?"

ಆ ಚಿಕ್ಕವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಸರ್ವರಕ್ಕ ಅಮ್ಮನ ಕೈಗಳನ್ನೇ ನೋಡುತ್ತ ನಿಂತಳು. ಆ ದಿನಗಳಲ್ಲಿ ಈ ಕೈಗೇ ಅವಳು ಎಣ್ಣೆ ತಿಕ್ಕುತ್ತಿದ್ದಳು. ಅಮ್ಮ ಕಣ್ಣು ಮುಚ್ಚಿ, "ನೀನಿಲ್ಲದಿದ್ರೆ ನನ್ನ ಗತಿ ಏನೇ" ಎನ್ನುತ್ತಿದ್ದಳು. ಆಗಲೂ ಅಮ್ಮನಿಗೆ ಎಲ್ಲ ಗೊತ್ತಿತ್ತು. ತಮ್ಮ ಮಾಡಿದ್ದು ಎದೆಗೆ ಗುದ್ದಿದಂತಿತ್ತು. ಇದು ಹಾಗಲ್ಲ, ಕಾಲ ಕೆಳಗಿನ ನೆಲವೇ ಸರಿದ ಹಾಗಾಯಿತು. ಅವಳು ಸ್ವೆಟರನ್ನು ಅಲ್ಲೇ ಬಿಟ್ಟು, ಡಿಸ್ಕನ್ನು ಮಾತ್ರ ಎತ್ತಿಕೊಂಡು ಹೊರಟಳು.

ಕೋಣೆಗೆ ಮರಳಿ ಮೊದಲು ಸತ್ತ ಡಿಸ್ಕನ್ನು ಹೊರತೆಗೆದಳು. ಎರಡೂ ಒಟ್ಟಿಗಿದ್ದರೆ ಯಂತ್ರ ಹೊಸದಾಗಿ ಬರೆದದ್ದನ್ನೇ ನಂಬಿ ಹಳೆಯದನ್ನು ದೂರ ತಳ್ಳುತ್ತದೆ. ತಂದ ಡಿಸ್ಕನ್ನು ಹಾಕಿ, ಒಂದೇ ಡಿಸ್ಕಿನ ಮೇಲೆ ಕನ್ನಡಿಯನ್ನು ಎಬ್ಬಿಸುವ ಆಜ್ಞೆ ಕೊಟ್ಟಳು. ಎದ್ದಿತು. ವಾಲ್ಯೂಮ್‌ಗಳನ್ನು ಚಾಲೂ ಮಾಡಿದಳು. ಒಂದೊಂದಾಗಿ ಮೂರೂ ಕಾಣಿಸಿಕೊಂಡವು. ಹಳೆಯ ಪುಸ್ತಕಗಳೆಲ್ಲ ಇದ್ದವು. ಮೇಡಂ ಹಿಂದೆಯೇ ನಿಂತು, "ಅಬ್ಬ, ಬದುಕಿದ್ವಿ!" ಎಂದರು.

"ಇಲ್ಲ ಮೇಡಂ" ಎಂದಳು ಸರ್ವರಕ್ಕ. "ಇದು ಕಿತ್ತ ದಿನಕ್ಕೇ ನಿಂತುಬಿಟ್ಟಿದೆ. ಹೊರಗಿನ ಪ್ರತಿಯೂ ಆಗಲೇ ನಿಂತಿದೆ. ಆಮೇಲೆ ಓದಿದ್ದೆಲ್ಲ ಬರೀ ಆ ಸತ್ತಿರೋ ಡಿಸ್ಕಲ್ಲಿದೆ."

ಆಮೇಲೆ ಓದಿದ್ದರಲ್ಲಿ ಮೇಷ್ಟ್ರ ಕೊನೆಯ ಕಾದಂಬರಿಯೂ ಇತ್ತು. ಅದನ್ನು ತಿದ್ದುವ ಕೆಲಸ ಆಗಷ್ಟೇ ಶುರುವಾಗಿತ್ತು. ತಿದ್ದುವ ಹೆಂಗಸು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದು ಮೊದಲ ಅಧ್ಯಾಯ ಮಾತ್ರ. ಸತ್ತ ಡಿಸ್ಕನ್ನು ಅಂಥದ್ದನ್ನು ಬಿಚ್ಚಿ ನೋಡುವವರ ಬಳಿಗೆ ಕಳಿಸಿದರು. ಒಳಗಿನ ತಟ್ಟೆ ಗೀರಿಹೋಗಿದೆ, ಏನೂ ಸಿಗುವುದಿಲ್ಲ ಎಂದು ಹಿಂದಿರುಗಿಸಿದರು.

ಮೇಡಂ ಒಳ್ಳೆಯವರೇ. ತಮ್ಮನ ವಿಷಯವನ್ನು ಸರ್ವರಕ್ಕನಿಂದ ಕೇಳಿದ ಮೇಲೆ, "ಡಿಸ್ಕ್ ಕೆಟ್ಟಿತು ಅಂತ ಹೇಳಿದ್ರಾಯ್ತು. ಸುಳ್ಳೇನೂ ಅಲ್ಲವಲ್ಲ. ನಿಮ್ಮ ಮನೆ ಮರ್ಯಾದೆನೂ ಉಳಿಯುತ್ತೆ" ಎಂದರು. ಸರ್ವರಕ್ಕ ಒಪ್ಪಲಿಲ್ಲ. ಮೇಷ್ಟ್ರ ಮನೆಗೆ ತಾನೇ ಹೋದಳು.

ಮೇಷ್ಟ್ರು ಕಿಟಕಿಯ ಪಕ್ಕ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅವಳು ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅವರ ಧ್ವನಿ ಯಾವುದೋ ಕಂಪನಿಯ ಯಂತ್ರಕ್ಕೆ ಪಾಠವಾಗಿ ಹೋಗಿದೆ ಎಂದಾಗ ಅವರು ತಲೆ ಎತ್ತಲಿಲ್ಲ. ಕೊನೆಯ ಪುಸ್ತಕ ಉಳಿದಿಲ್ಲ ಎಂದಾಗ ಪೆನ್ಸಿಲ್ ಕೆಳಗಿಟ್ಟರು. ಬಿಳಿ ಬೋರ್ಡನ್ನು ಮಡಿಲಿಗೆ ಎಳೆದುಕೊಂಡು ಬರೆದರು.

'ಅದೊಂದನ್ನೇ ನಾನು ಚೆನ್ನಾಗಿ ಓದಿದ್ದು.'

ಅವಳು ಓದಿದ್ದನ್ನು ನೋಡಿ, ಒರೆಸಿ, ಮತ್ತೆ ಬರೆದರು. 'ಯಾರು ತೆಗೆದದ್ದು ಅಂದೆ?'

"ನನ್ನ ತಮ್ಮ, ಸರ್."

ಮೇಷ್ಟ್ರಿಗೆ ಅವನು ಗೊತ್ತಿದ್ದ. ಓದುಕೋಣೆಯ ಮೈಕನ್ನು ಅವರ ಎತ್ತರಕ್ಕೆ ಸರಿಮಾಡಿ ಕೊಡುತ್ತಿದ್ದವನು ಅವನೇ. ಅವರು ಬೋರ್ಡನ್ನು ಒರೆಸಿದರು. ಬಾಗಿಲ ತನಕ ಬಂದು ಅವಳ ಭುಜ ಮುಟ್ಟಿ ಒಳಗೆ ಹೋದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ ಎಂದು ದಾರಿಯುದ್ದಕ್ಕೂ ಅವಳಿಗೆ ಅನ್ನಿಸಿತು.

ಓದುಗರೆಲ್ಲ ಸೇರಿ ಕಂಪನಿಗೆ ದೂರು ಕೊಟ್ಟರು. ಎಲ್ಲ ಅಳಿಸಿದ್ದೇವೆ ಎಂದು ಕಂಪನಿ ಹೇಳಿತು. ಯಂತ್ರ ಒಮ್ಮೆ ಕಲಿತದ್ದನ್ನು ಅಳಿಸಿದ್ದಾರೋ ಇಲ್ಲವೋ ಎಂದು ಹೊರಗಿನವರು ಕಂಡುಕೊಳ್ಳುವುದು ಹೇಗೆ? ತಪ್ಪೆಲ್ಲ ನೌಕರನದು ಎಂದು ತಮ್ಮನನ್ನು ಅವರು ಮನೆಗೆ ಕಳಿಸಿದರು. ತನ್ನಿಂದ ಧ್ವನಿಯನ್ನು ಬೇಡಿ ಪಡೆದವರೇ ಹೀಗೆ ಕೈ ತೊಳೆದುಕೊಂಡರೂ, ಅವನ ಸಿಟ್ಟೆಲ್ಲ ತಿರುಗಿದ್ದು ಅಕ್ಕನ ಮೇಲೆ.

"ಮನೆಯ ಮಾತನ್ನ ಬೀದಿಗೆ ತಂದೆ. ನನ್ನ ಬೆಳೆಸಿದ್ದೂ ನೀನೇ, ಮುಳುಗಿಸಿದ್ದೂ ನೀನೇ" ಎಂದು ಫೋನಿನಲ್ಲಿ ಕೂಗಾಡಿದ. ಹಿಂದಿನಿಂದ ಅಮ್ಮನ ದನಿ ಕೇಳುತ್ತಿತ್ತು. "ಇಡೋ, ಇಡೋ. ಅವಳಿಗೆ ಹೇಳಿ ಏನು ಪ್ರಯೋಜನ."

ಆಗಲೇ ಸರ್ವರಕ್ಕ ಸಂಸ್ಥೆಯ ಹತ್ತಿರ ಒಂದು ಕೋಣೆ ಹಿಡಿದು ಬೇರೆಯಾಗಿದ್ದಳು. ಅಮ್ಮನನ್ನು ಬಿಟ್ಟುಬಿಡಲಿಲ್ಲ. ಡಾಕ್ಟರ ಬಳಿಗೆ ಕರೆದೊಯ್ಯುವ ದಿನ ಬರುತ್ತಾಳೆ, ಕೈ ಹಿಡಿದು ಮೆಟ್ಟಿಲಿಳಿಸುತ್ತಾಳೆ, ಮಾತ್ರೆಗಳನ್ನು ಡಬ್ಬಿಗೆ ಹಾಕಿಟ್ಟು ಹೋಗುತ್ತಾಳೆ. ಅಮ್ಮ ಊಟಕ್ಕೆ ಕೂರು ಎಂದರೆ, "ಹಸಿವಿಲ್ಲಮ್ಮ" ಎನ್ನುತ್ತಾಳೆ. ಹಿಂದಿನಂತೆ ಅಮ್ಮನ ಮುಂದೆ ಕೂತು ದಿನದ ಸುದ್ದಿಯನ್ನೆಲ್ಲ ಹರವಿಕೊಳ್ಳುವುದು ಅವಳಿಂದ ಆಗುತ್ತಿಲ್ಲ.

ಸಂಸ್ಥೆಯ ಸರ್ವರನ್ನು ಅವಳು ಹೊಸದಾಗಿ ಕಟ್ಟಿದಳು. ಡಿಸ್ಕುಗಳನ್ನು ಹೆಚ್ಚಿಸಿದಳು. ಎಚ್ಚರಿಕೆಯ ಮೇಲ್ ಈಗ ಹಲವರಿಗೆ ಹೋಗುತ್ತದೆ, ಎಲ್ಲ ಚೆನ್ನಾಗಿದ್ದರೂ ದಿನವೂ ಹೋಗುತ್ತದೆ. ಹೊರಗಿನ ಪ್ರತಿಯಿಂದ ಆಗಾಗ ಒಂದು ಪುಸ್ತಕವನ್ನು ತೆಗೆದು ಕೇಳಿ ನೋಡುತ್ತಾಳೆ. ಮೇಷ್ಟ್ರ ಆ ಒಂದು ಅಧ್ಯಾಯವನ್ನು ಹಾಗೆಯೇ, ತಿದ್ದದೆ, ಕೇಳುಗರಿಗೆ ಕಳಿಸಿದರು. ಮುಂದಿನದು ಯಾವಾಗ ಎಂದು ಕೇಳಿದವರಿಗೆ ಅವಳೇ ಉತ್ತರ ಹೇಳಬೇಕಾಯಿತು. ಪ್ರತಿ ಸಲವೂ ನಿಜವನ್ನೇ ಹೇಳಿದಳು.

ಯಂತ್ರ ನೋಡಿಕೊಳ್ಳಲು ಮೇಡಂ ಇನ್ನೊಬ್ಬಳನ್ನು ನೇಮಿಸಿದರು. ಕೆಲಸ ಬಲ್ಲವಳು, ಮಾತು ಕಡಿಮೆ, ಎರಡು ಮಕ್ಕಳ ತಾಯಿ. ಬೆಳಗ್ಗೆ ಬಂದೊಡನೆ ಡಿಸ್ಕುಗಳನ್ನು ನೋಡಿ, ಸರ್ವರಕ್ಕನಿಗೆ "ಎಲ್ಲಾ ಸರಿ ಇದೆ ಮೇಡಂ" ಎನ್ನುತ್ತಾಳೆ. ಸರ್ವರಕ್ಕ ತಲೆಯಾಡಿಸಿ, ಆಕೆ ಅತ್ತ ತಿರುಗಿದ ಮೇಲೆ ಕೋಣೆಗೆ ಹೋಗಿ, ಒಂದೊಂದೇ ಖಾನೆಯನ್ನು ಮುಟ್ಟಿ, ಕನ್ನಡಿಯ ಸ್ಥಿತಿಯನ್ನು ತಾನೇ ಕೇಳಿ ಬರುತ್ತಾಳೆ. ಒಮ್ಮೆ ಆಕೆ ಕೈಚೀಲ ಮರೆತು ಹಿಂದಿರುಗಿದಾಗ ಸರ್ವರಕ್ಕ ಖಾನೆಯೊಂದರ ಮೇಲೆ ಕೈಯಿಟ್ಟು ನಿಂತಿದ್ದಳು.

"ನನ್ನ ಮೇಲೆ ನಂಬಿಕೆ ಇಲ್ವಾ ಮೇಡಂ?" ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ನಿಮ್ಮದೇನೂ ತಪ್ಪಿಲ್ಲ" ಎಂದಳು ಸರ್ವರಕ್ಕ. ಕೈ ತೆಗೆದು ಹೊರಗೆ ನಡೆದಳು. ಮರುದಿನ ಬೆಳಗ್ಗೆ ಆಕೆಯೇ ಸರ್ವರಕ್ಕನ ಮೇಜಿನ ಬಳಿ ಬಂದು ನಿಂತು, "ಬನ್ನಿ ಮೇಡಂ, ಒಟ್ಟಿಗೇ ನೋಡೋಣ" ಎಂದು ಕರೆದಳು. ಸರ್ವರಕ್ಕ ಎದ್ದಳು. ಅಂದಿನಿಂದ ಇಬ್ಬರೂ ಒಟ್ಟಿಗೇ ನೋಡುತ್ತಾರೆ. ಆದರೂ ಆಕೆ ಊಟಕ್ಕೆ ಹೋದಾಗ ಸರ್ವರಕ್ಕ ಒಮ್ಮೊಮ್ಮೆ ಒಬ್ಬಳೇ ಹೋಗಿ ನೋಡಿ ಬರುವುದುಂಟು.